ಆರು ಕೈಕೆಲಸ ಶುರು ಮಾಡಿದೆ, ಒಂದೂ ಮುಗಿದಿಲ್ಲ. ತಪ್ಪು ಎಲ್ಲಿ?

ಅರ್ಧಕ್ಕೆ ಬಿಟ್ಟವಳು, ಮೈಸೂರು (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಬೇಡಿ.

ಹೋದ ದಸರಾ ರಜೆಯಲ್ಲಿ ಕೈಕೆಲಸ ಕಲಿಯುವ ಹುಚ್ಚು ಹತ್ತಿತು. ಆಫೀಸಿನಿಂದ ಬಂದು ಫೋನ್ ತಿಕ್ಕುತ್ತಾ ಕೂರುವ ಬದಲು ಏನಾದರೂ ಮಾಡೋಣ ಅಂತ. ಇವತ್ತು ಬೀರು ಕ್ಲೀನ್ ಮಾಡಿದರೆ ಕೆಳಗಿನ ಖಾನೆ ತುಂಬಾ ಅವೇ ಇವೆ. ಎಲ್ಲವನ್ನೂ ಮಂಚದ ಮೇಲೆ ಸುರಿದುಕೊಂಡು ಕೂತಿದ್ದೇನೆ. ಯಜಮಾನರು ಬಂದು ನೋಡಿ, ಏನೂ ಮಾತಾಡದೆ ಸೋಫಾದ ಮೇಲೆ ಮಲಗಿದರು.

ಮೊದಲು ಕ್ರೋಶಾ (ಕೊಕ್ಕೆ ಕಡ್ಡಿಯ ಹೆಣಿಗೆ). ಚೌಕದ ಟೇಬಲ್ ಮ್ಯಾಟ್ ಅಂತ ಶುರು ಮಾಡಿದ್ದು 20 ಸಾಲು ಆಗುವಷ್ಟರಲ್ಲಿ ಸಮೋಸಾ ಆಯಿತು. ಆಮೇಲೆ ಕಸೂತಿ. ಕಪ್ಪು ಬ್ಲೌಸ್ ಪೀಸಿನ ಮೇಲೆ ಗೋಪುರ ಹಾಕಲು ಹೋದೆ. ಹೋಗುವಾಗ ಚೆನ್ನಾಗಿಯೇ ಇತ್ತು, ವಾಪಸ್ ಬರುವಾಗ ಗೋಪುರ ಕುಸಿಯಿತು. ದೀಪಾವಳಿಗೆ ಮಣ್ಣಿನ ಹಣತೆ 12 ಮಾಡಿ ಟೆರೇಸಿನ ಬಿಸಿಲಲ್ಲಿ ಇಟ್ಟೆ, ಸಂಜೆಗೆ 9 ಬಿರುಕು ಬಿಟ್ಟಿದ್ದವು. ಸೀರೆ ಕುಚ್ಚು ಕಲಿಯಲು ಅತ್ತೆಯ ಸೀರೆಯನ್ನೇ ತಗೊಂಡೆ (ಇದರ ಬಗ್ಗೆ ಜಾಸ್ತಿ ಹೇಳಲ್ಲ). ಹಸೆ ಚಿತ್ತಾರ ಅಂತ ಕ್ಯಾನ್ವಾಸ್ ತಂದೆ, ಗೆರೆಗಳೆಲ್ಲ ಚಳಿ ಬಂದವರ ಥರ ನಡುಗಿವೆ. ಕೊನೆಗೆ ರೆಸಿನ್ (ಅಚ್ಚಿಗೆ ಸುರಿದು ಗಟ್ಟಿ ಮಾಡುವ ಅಂಟಿನಂಥ ದ್ರವ). ಒಂದು ಕೀಚೈನ್ ಆಯಿತು, ಮನೆಯೆಲ್ಲ ಎರಡು ದಿನ ವಾಸನೆ.

ಎಲ್ಲ ಸೇರಿ ಸಾಮಾನಿಗೆ 7,000 ರೂಪಾಯಿ ಹತ್ತಿರ ಹೋಗಿದೆ. ನನ್ನ ಕೈಯೇ ಸರಿ ಇಲ್ಲವೇನೋ ಅನಿಸುತ್ತಿದೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಸಿಲ್ಕ್ ಬೋರ್ಡ್ ಸಂತ್ರಸ್ತ

ಹತ್ತು ಕಡೆ ಎರಡೆರಡು ಅಡಿ ತೋಡಿದರೆ ನೀರು ಬರಲ್ಲ ಮೇಡಂ. ಒಂದು ಹಿಡೀರಿ, ಅದನ್ನೇ ಮಾಡಿ. ಮಿಕ್ಕಿದ್ದೆಲ್ಲ ಮಾರಿಬಿಡಿ.

ಕುಚ್ಚು ಅಕ್ಕ, ತುಮಕೂರು

ಮೇಲಿನವರೇ, ಬಾವಿ ಮಾತು ಆಮೇಲೆ. ಮೊದಲು ಎಲ್ಲಿ ಕೆಟ್ಟಿತು ಅಂತ ನೋಡಬೇಕಲ್ವಾ? ಅದನ್ನು ನೋಡದೆ ಬಿಟ್ಟರೆ ಏಳನೆಯದೂ ಹಾಗೇ ಆಗುತ್ತೆ.

ತಂಗಿ, ಒಂದು ಪ್ರಶ್ನೆ. ನಿಮಗೆ ಹೂ ಕಟ್ಟಲು ಬರುತ್ತಾ?

ಅರ್ಧಕ್ಕೆ ಬಿಟ್ಟವಳು, ಮೈಸೂರು

ಬರುತ್ತೆ ಅಕ್ಕ. ಚಿಕ್ಕವಳಿದ್ದಾಗಿನಿಂದ. ಟಿವಿ ನೋಡ್ತಾನೇ ಕಟ್ತೀನಿ. ಗೆಜ್ಜೆವಸ್ತ್ರವೂ ಮಾಡ್ತೀನಿ, ಗೌರಿಗೆ 16 ಎಳೆ, ಗಣಪತಿಗೆ 21. ಅದೂ ಕೈಕೆಲಸವಾ?

ಕುಚ್ಚು ಅಕ್ಕ, ತುಮಕೂರು

ಮತ್ತೇನು! ಬಾಳೆನಾರು ಜಾಸ್ತಿ ಬಿಗಿದರೆ ಮಲ್ಲಿಗೆಯ ತೊಟ್ಟು ಕತ್ತರಿಸಿ ಹೋಗುತ್ತೆ. ಸಡಿಲ ಬಿಟ್ಟರೆ ಹೂ ಜಾರುತ್ತೆ. ನಡುವಿನ ಆ ಹದ ನಿಮ್ಮ ಬೆರಳಿಗೆ ಗೊತ್ತಿದೆ. ಗೆಜ್ಜೆವಸ್ತ್ರಕ್ಕೆ ಅರಳೆ ಎಳೆಯುವಾಗಲೂ ಅಷ್ಟೇ, ಸ್ವಲ್ಪ ಜೋರಾದರೆ ಕಿತ್ತುಕೊಂಡು ಬರುತ್ತೆ. ಕೈ ಸರಿಯಾಗಿಯೇ ಇದೆ. ಸಾಮಾನು, ಇಲ್ಲವೇ ಲೆಕ್ಕ, ಎರಡರಲ್ಲಿ ಒಂದು ತಪ್ಪಿದೆ.

ಕುಚ್ಚಿನ ವಿಷಯ ನಾನು ಹೇಳ್ತೀನಿ, 11 ವರ್ಷದಿಂದ ಹಾಕ್ತಿದ್ದೀನಿ. ನೀವು ಎಳೆಗಳನ್ನು ಕಣ್ಣಳತೆಯಲ್ಲಿ ತಗೊಂಡಿದ್ದೀರಾ? ಒಂದು ಕುಚ್ಚು ದಪ್ಪ, ಒಂದು ಸಣ್ಣ ಆಗಿದ್ದರೆ ಅದೇ ಕಾರಣ. ರೇಷ್ಮೆ ದಾರವನ್ನು ಒಂದು ನೋಟ್‌ಬುಕ್ಕಿಗೆ ಸುತ್ತಿ. ನಾನು 25 ಸುತ್ತು ಸುತ್ತುತ್ತೇನೆ. ಎಣಿಸಿಯೇ ಸುತ್ತಬೇಕು, ನಡುವೆ ಯಾರಾದರೂ ಮಾತಾಡಿಸಿದರೆ ಜೋರಾಗಿ "ಹದಿನೇಳು" ಅನ್ನಬೇಕು. ಸೆರಗಿನ ಅಂಚಿಗೆ ಸ್ಕೇಲ್ ಇಟ್ಟು ಅರ್ಧ ಇಂಚಿಗೊಂದು ಗುರುತು ಹಾಕಿ. ಕುಚ್ಚನ್ನು ಜರಿ ದಾರದಿಂದ ಕಟ್ಟುವಾಗ ಮೂರು ಸುತ್ತು ಅಂದರೆ ಎಲ್ಲಕ್ಕೂ ಮೂರೇ. ಕೊನೆಗೆ ಕುಚ್ಚಿನ ತುದಿ ಕತ್ತರಿಸಲು ಒಂದು ರಟ್ಟಿನ ಪಟ್ಟಿ ಅಳತೆಗೆ ಇಟ್ಟುಕೊಳ್ಳಿ. ಕಣ್ಣಿಗೆ ಸಮ ಕಂಡರೂ ಸೀರೆ ಉಟ್ಟಾಗ ಗೊತ್ತಾಗುತ್ತೆ.

ಮತ್ತೆ ಯಾರಾದರೂ ಅತ್ತೆ ಸೀರೆ ಮೇಲೆ ಕಲೀತಾರಾ? ಹಳೇ ದುಪಟ್ಟಾ ತಗೊಳ್ಳಿ.

ಅರ್ಧಕ್ಕೆ ಬಿಟ್ಟವಳು, ಮೈಸೂರು

ಕಣ್ಣಳತೆಯೇ ಅಕ್ಕ 🙈 ಅಳತೆ ಬಗ್ಗೆ ಆ ವಿಡಿಯೋದಲ್ಲಿ ಏನೂ ಹೇಳಿರಲಿಲ್ಲ.

ಐರ್ಲೆಂಡಿನ ಮಳೆ

ಸಮೋಸಾ ನನ್ನ ಪಾಲು. ಡಬ್ಲಿನ್ನಿನಲ್ಲಿ ಹೊರಗೆ ಹೋಗಲಾಗದ ಸಂಜೆಗಳೇ ಜಾಸ್ತಿ, ಹಾಗಾಗಿ ನಾನು ಕಲಿತ ಒಂದೇ ವಿದ್ಯೆ ಕ್ರೋಶಾ. ನನ್ನ ಮೊದಲ ಮಫ್ಲರ್ ಕೂಡ ಒಂದು ತುದಿಯಲ್ಲಿ 30 ಮನೆ (ಹೆಣಿಗೆಯ ಒಂದೊಂದು ಕುಣಿಕೆಗೆ ಮನೆ ಅಂತೀವಿ), ಇನ್ನೊಂದು ತುದಿಯಲ್ಲಿ 19 ಮನೆ ಇತ್ತು. ಇವತ್ತಿಗೂ ಹಾಕಿಕೊಳ್ತೀನಿ.

ಸಾಲಿನ ಕೊನೆಯ ಮನೆಯನ್ನು ಪ್ರತಿ ಸಲ ಬಿಡ್ತಿದ್ದೀರಿ. ಅದು ಸ್ವಲ್ಪ ಮಡಚಿಕೊಂಡು ಪಕ್ಕಕ್ಕೆ ತಿರುಗಿರುತ್ತೆ, ಹೊಸಬರ ಕಣ್ಣಿಗೆ ಬೀಳಲ್ಲ. ಸಾಲಿಗೊಂದು ಹೋದರೆ 20 ಸಾಲಿಗೆ 20 ಮನೆ ಹೋಯಿತು. ಸಾಲು ಶುರುವಾದ ತಕ್ಷಣ ಮೊದಲ ಮನೆಗೆ ಒಂದು ಸೇಫ್ಟಿ ಪಿನ್ ಹಾಕಿಬಿಡಿ. ವಾಪಸ್ ಬಂದಾಗ ಪಿನ್ ಇರುವ ಮನೆಗೆ ಹೆಣೆದರೆ ಮಾತ್ರ ಸಾಲು ಮುಗಿದ ಹಾಗೆ. ಮೊದಲ 10 ಸಾಲು ಪ್ರತಿ ಸಾಲನ್ನೂ ಎಣಿಸಿ. ಬೇಜಾರು ನಿಜ, ಆದರೆ ಆಮೇಲೆ ಕಣ್ಣಿಗೇ ಗೊತ್ತಾಗುತ್ತೆ.

ಇನ್ನೊಂದು. ಅಮೆರಿಕದವರು 'ಸಿಂಗಲ್ ಕ್ರೋಶೆ' ಅನ್ನುವುದನ್ನೇ ಇಲ್ಲಿ ಐರ್ಲೆಂಡಿನಲ್ಲೂ ಇಂಗ್ಲೆಂಡಿನಲ್ಲೂ 'ಡಬಲ್ ಕ್ರೋಶೆ' ಅಂತಾರೆ. ಅವರ ಡಬಲ್ ನಮಗೆ 'ಟ್ರೆಬಲ್'. ಎರಡು ಬೇರೆ ಬೇರೆ ದೇಶದ ವಿಡಿಯೋ ನೋಡಿ ಒಂದೇ ಮ್ಯಾಟ್ ಹೆಣೆದರೆ ಅರ್ಧ ಗಿಡ್ಡ, ಅರ್ಧ ಉದ್ದ ಆಗುತ್ತೆ. ಯಾವ ದೇಶದ ಮಾತು ಅಂತ ಮೊದಲು ನೋಡಿಕೊಳ್ಳಿ. ಯಾವ ಬಣ್ಣದ ಉಲ್ಲನ್ ತಗೊಂಡಿದ್ರಿ?

ಅರ್ಧಕ್ಕೆ ಬಿಟ್ಟವಳು, ಮೈಸೂರು

ನೇವಿ ಬ್ಲೂ.

ಐರ್ಲೆಂಡಿನ ಮಳೆ

ಅಯ್ಯೋ. ರಾತ್ರಿ ಟ್ಯೂಬ್‌ಲೈಟಿನಲ್ಲಿ ನೇವಿ ಬ್ಲೂ ಹೆಣೆಯಲು ನನಗೂ ಆಗಲ್ಲ. ಕೆನೆ ಬಣ್ಣ, ತಿಳಿ ಹಳದಿ, ಯಾವುದಾದರೂ ತಿಳಿ ಬಣ್ಣ ತಗೊಳ್ಳಿ. ಕಡ್ಡಿ 4 ಅಥವಾ 5 ಮಿಲಿಮೀಟರಿನದು ಸಾಕು.

ಧಾರವಾಡ ಪೇಢೆ

ಕಪ್ಪು ಬ್ಲೌಸ್ ಪೀಸು, ಅದೂ ಮೊದಲನೇ ಕಸೂತಿಗೆ! ನೋಡ್ರಿ, ನಮ್ಮ ಅಜ್ಜಿ ಕಪ್ಪು ಚಂದ್ರಕಾಳಿ ಸೀರೆ ಮೇಲೆ ಕಸೂತಿ ಹಾಕುತ್ತಿದ್ದಳು, ಖರೆ. ಆದರೆ ಅವಳು ಅಲ್ಲಿಂದ ಶುರು ಮಾಡಿದವಳಲ್ಲ.

ಕಸೂತಿ ಅಂದರೆ ಚಿತ್ರ ಬರೆದುಕೊಂಡು ಮೇಲೆ ಹೊಲಿಯುವ ಕೆಲಸ ಅಲ್ಲ. ಬಟ್ಟೆಯ ಎಳೆ ಎಣಿಸಿ ಹಾಕುವುದು. ಎಳೆ ಕಾಣದ ಬಟ್ಟೆ ಮೇಲೆ ಏನು ಎಣಿಸುತ್ತೀರಿ? ಮ್ಯಾಟಿ ಬಟ್ಟೆ ಅಂತ ಕೇಳಿ ತಗೊಳ್ಳಿ. ಚೌಕ ಚೌಕ ಎದ್ದು ಕಾಣುತ್ತವೆ. ಅರ್ಧ ಮೀಟರಿನಲ್ಲಿ ಆರು ತಿಂಗಳು ಕಲಿಯಬಹುದು.

ಹೊಲಿಗೆ ನಾಲ್ಕು ಇವೆ. ಗಾವಂತಿ, ಮುರ್ಗಿ, ನೇಗಿ, ಮೆಂತಿ. ಗೋಪುರ ಬೇಕಂದರೆ ಮೊದಲು ಗಾವಂತಿ ಗಟ್ಟಿ ಆಗಬೇಕು. ಮುರ್ಗಿ ಅಂದರೆ ಅದನ್ನೇ ಮೆಟ್ಟಿಲು ಮೆಟ್ಟಿಲಾಗಿ ಹಾಕುವುದು. ನೇಗಿ ದೂರದಿಂದ ನೇಯ್ದ ಹಾಗೆ ಕಾಣುತ್ತದೆ, ಹೆಸರೂ ಅದಕ್ಕೇ. ಮೆಂತಿ ಅಡ್ಡ-ಉದ್ದ ಗುಣಾಕಾರ ಹೊಲಿಗೆ, ದಾರ ಬಹಳ ತಿನ್ನುತ್ತದೆ. ಈ ಎರಡನ್ನು ಸದ್ಯಕ್ಕೆ ಮರೆತುಬಿಡಿ.

ಈಗ ಗಾವಂತಿ. ಗಂಟು ಹಾಕಬಾರದು. ಅರ್ಧ ಗೇಣು ದಾರ ಹಿಂದೆ ಬಿಟ್ಟು ಶುರು ಮಾಡಿ, ಕೊನೆಗೆ ಅದನ್ನು ಹೊಲಿಗೆಯೊಳಗೇ ನುಗ್ಗಿಸಿ ಮುಚ್ಚಬೇಕು. ಆರು ಎಳೆಯ ದಾರದಲ್ಲಿ ಎರಡು ಎಳೆ ಬಿಡಿಸಿಕೊಳ್ಳಿ. ಉದ್ದ ಒಂದು ಮೊಳ, ಅದಕ್ಕಿಂತ ಜಾಸ್ತಿ ಬೇಡ, ಸಿಕ್ಕು ಬೀಳುತ್ತದೆ. ಹೋಗುವಾಗ ಒಂದು ಚೌಕ ಮೇಲೆ, ಒಂದು ಚೌಕ ಕೆಳಗೆ. ಬರುವಾಗ ಬಿಟ್ಟ ಚೌಕಗಳು ತುಂಬುತ್ತವೆ. ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ನಮ್ಮ ಕಡೆ ಹಿರಿಯರು ಕಸೂತಿ ಕೈಗೆ ಕೊಟ್ಟರೆ ಮುಂದಿನದು ನೋಡುವುದೇ ಇಲ್ಲ, ತಿರುವಿ ಹಾಕಿಯೇ ನೋಡುತ್ತಾರೆ.

ನಿಮ್ಮ ಗೋಪುರ ಎಲ್ಲಿ ಕುಸಿಯಿತು ಅಂತ ಊಹಿಸುತ್ತೇನೆ. ಕವಲು ಒಡೆಯುವಲ್ಲಿ, ಹೌದಲ್ಲ? ಮುಖ್ಯ ಗೆರೆ ಹಿಡಿದು ಹೋಗುವಾಗ ಪಕ್ಕಕ್ಕೆ ಒಂದು ಕೊಂಬೆ ಬಂದರೆ ಅಲ್ಲೇ ಆ ಕೊಂಬೆಗೆ ಹೋಗಿ, ತುದಿ ಮುಟ್ಟಿ, ತುಂಬಿಕೊಂಡು ವಾಪಸ್ ಬುಡಕ್ಕೆ ಬಂದು ಮುಂದೆ ಹೋಗಬೇಕು. "ಬರುವಾಗ ನೋಡಿಕೊಂಡರಾಯಿತು" ಅಂತ ಕೆಲವು ಬಿಟ್ಟು ಕೆಲವು ಮಾಡಿದರೆ ದಾರಿ ತಪ್ಪುತ್ತದೆ. ಬಂಡಿ ಹೋದ ದಾರಿಯಲ್ಲೇ ಬರಬೇಕು.

ಅರ್ಧಕ್ಕೆ ಬಿಟ್ಟವಳು, ಮೈಸೂರು

ಕವಲಲ್ಲೇ! ನಿಮಗೆ ಹೇಗೆ ಗೊತ್ತಾಯಿತು?? ಎರಡು ಕೊಂಬೆ ಮಾಡಿದ್ದೆ, ಮೂರನೆಯದು ಮರೆತಿದ್ದೆ.

ಇನ್ನೊಂದು ಡೌಟು. ಗೆರೆ ನೇರ ಬರಲ್ಲ. ಚೌಕ ಸರಿಯಾಗಿ ಎಣಿಸಿದರೂ ಹಲ್ಲು ಹಲ್ಲಾಗಿ ಕಾಣುತ್ತೆ.

ಧಾರವಾಡ ಪೇಢೆ

ಬರುವಾಗ ಒಂದೇ ತೂತಿನಲ್ಲಿ ಎರಡು ಸಲ ದಾರ ಹೋಗುತ್ತದಲ್ಲ, ಅಲ್ಲಿದೆ ಗುಟ್ಟು. ಸೂಜಿ ಕೆಳಗಿಳಿಯುವಾಗ ಹಳೇ ದಾರದ ಮೇಲ್ಭಾಗಕ್ಕೆ, ಮೇಲೆ ಬರುವಾಗ ಕೆಳಭಾಗಕ್ಕೆ ಅಂತ ಒಂದು ಕ್ರಮ ಇಟ್ಟುಕೊಳ್ಳಿ. ಒಮ್ಮೆ ಹೀಗೆ, ಒಮ್ಮೆ ಹಾಗೆ ಆದರೆ ಹಲ್ಲು ಬರುತ್ತದೆ. ಮೊನೆ ಮೊಂಡಾದ ಸೂಜಿ ತಗೊಳ್ಳಿ. ಚೂಪು ಸೂಜಿ ಹಳೇ ದಾರವನ್ನೇ ಚುಚ್ಚಿ ಸೀಳುತ್ತದೆ.

ಸಿಲ್ಕ್ ಬೋರ್ಡ್ ಸಂತ್ರಸ್ತ

ಇಷ್ಟೆಲ್ಲ ಕಷ್ಟ ಯಾಕೆ, ಮೆಷಿನ್ ಕಸೂತಿ ಸೀರೆ ಎರಡು ಸಾವಿರಕ್ಕೆ ಸಿಗುತ್ತಲ್ಲ.

ಧಾರವಾಡ ಪೇಢೆ

ಸಿಗುತ್ತದೆ. ತಿರುವಿ ನೋಡಿ.

ಮಡಕೆ ಮರುಳ, ಮಂಗಳೂರು

ಹಣತೆ ವಿಷಯಕ್ಕೆ ಬರ್ತೀನಿ. ಬಿಸಿಲೇ ವಿಲನ್. ಅಂಚು ತೆಳ್ಳಗಿರುತ್ತೆ, ಬೇಗ ಒಣಗಿ ಕುಗ್ಗುತ್ತೆ. ಬುಡ ದಪ್ಪ, ಇನ್ನೂ ಹಸಿ. ಒಂದು ಎಳೆಯುತ್ತೆ, ಇನ್ನೊಂದು ಬರಲ್ಲ ಅನ್ನುತ್ತೆ, ನಡುವೆ ಬಿರುಕು. ನೆರಳಲ್ಲಿ ಇಡಿ, ಮೊದಲ ದಿನ ಮೇಲೆ ಒಂದು ಒದ್ದೆ ಬಟ್ಟೆ ಹಾಕಿ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಒಂದು ವಾರ ಆದರೂ ಒಣಗಲ್ಲ, ಅದು ಬೇರೆ ಕಥೆ.

ಮಣ್ಣನ್ನು ಚಪಾತಿ ಹಿಟ್ಟಿನ ಹಾಗೆ ನಾದಿದ್ರಾ? ಒಳಗೆ ಗಾಳಿಗುಳ್ಳೆ, ತೇವ ಉಳಿದಿದ್ದರೆ ಸುಡುವಾಗ ಒಡೆಯಬಹುದು. ಸುಡದ ಹಣತೆಗೆ ಎಣ್ಣೆ ಹಾಕಿದರೆ ಹೀರಿಕೊಳ್ಳುತ್ತೆ, ಹಾಗಾಗಿ ಮನೆಯಲ್ಲಿ ಸುಮ್ನೆ ಒಣಗಿಸಿದ್ದನ್ನು ಅಲಂಕಾರಕ್ಕೆ ಮಾತ್ರ ಇಡಿ. ಹತ್ತಿರ ಕುಂಬಾರರ ಮನೆ ಇದ್ದರೆ ಅವರ ಆವಿಗೆಯಲ್ಲಿ ಸೇರಿಸಿ ಸುಡಿಸಬಹುದು. ನಾನು ಹಾಗೇ ಮಾಡೋದು. ಹೋಗುವಾಗ ಬರಿಗೈಲಿ ಹೋಗಬೇಡಿ.

ಕೆಮ್ಮಣ್ಣು, ಸಾಗರ

ಚಿತ್ತಾರದ ಬಗ್ಗೆ ಬರೆಯಲೋ ಬೇಡವೋ ಅಂತ ನಿನ್ನೆಯಿಂದ ಯೋಚಿಸುತ್ತಿದ್ದೆ. ಬರೆಯುತ್ತೇನೆ.

ನಾವು ದೀವರು, ಮಲೆನಾಡಿನ ಒಂದು ಸಮುದಾಯ. ಹಸೆ ಚಿತ್ತಾರ ನಮ್ಮ ಮನೆಯಲ್ಲಿ ಮದುವೆಗೆ ಬರೆಯುವುದು, ಮದುಮಕ್ಕಳು ಹಸೆಗೆ ಕೂರುವ ಜಾಗದ ಗೋಡೆಗೆ. ನಮ್ಮಮ್ಮ, ಚಿಕ್ಕಮ್ಮ ಸೇರಿ ಹಾಡು ಹೇಳಿಕೊಂಡೇ ಬರೆಯುತ್ತಿದ್ದರು. ಕೆಮ್ಮಣ್ಣು ಬಳಿದ ಗೋಡೆ. ಬಿಳಿಗೆ ಅಕ್ಕಿ ನೆನೆಸಿ ರುಬ್ಬಿದ್ದು. ಕಪ್ಪಿಗೆ ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದದ್ದು. ಹಳದಿಗೆ ಗುರಿಗೆ ಕಾಯಿ. ಬ್ರಷ್ ಅಂದರೆ ಪುಂಡಿ ಗಿಡದ ನಾರು.

ನಿಮ್ಮ ಗೆರೆ ಯಾಕೆ ನಡುಗಿತು ಅಂದರೆ, ಅಂಗಡಿಯ ಬ್ರಷ್ಷಿನ ತುದಿಯಿಂದ ಬರೆಯಲು ಹೋಗಿದ್ದೀರಿ. ಪುಂಡಿ ನಾರನ್ನು ತುದಿಯಷ್ಟೇ ತಾಗಿಸುವುದಲ್ಲ, ಬಣ್ಣದಲ್ಲಿ ಅದ್ದಿ ಗೋಡೆಯ ಮೇಲೆ ಮಲಗಿಸಿ ಎಳೆಯುತ್ತಾರೆ ನಮ್ಮಮ್ಮ. ನಾರೇ ದಾರಿ ಹಿಡಿಯುತ್ತದೆ. ನಾರು ಸಿಗದಿದ್ದರೆ ಉದ್ದ ಕೂದಲಿನ ತೆಳು ಬ್ರಷ್ ತಗೊಂಡು, ಮಣಿಕಟ್ಟು ಅಲ್ಲಾಡಿಸದೆ ಇಡೀ ತೋಳು ಎಳೆದು ನೋಡಿ. ಕ್ಯಾನ್ವಾಸನ್ನು ಮೇಜಿನ ಮೇಲೆ ಇಡಬೇಡಿ, ಗೋಡೆಗೆ ಆನಿಸಿ ನಿಂತು ಬರೆಯಿರಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ಎಷ್ಟೋ ಜನ 'ವಾರ್ಲಿ ಥರದ್ದು' ಅಂತ ಹೇಳಿ ಮಗ್ಗಿನ ಮೇಲೆ ಹಾಕಿ ಮಾರುತ್ತಿದ್ದಾರೆ. ವಾರ್ಲಿ ಮಹಾರಾಷ್ಟ್ರದ ಆದಿವಾಸಿಗಳದು. ಇದು ನಮ್ಮದು. ಕಲಿಯಿರಿ, ಖುಷಿ ನಮಗೆ. ಹೆಸರು ಸರಿಯಾಗಿ ಹೇಳಿ ಅಷ್ಟೇ.

ಅರ್ಧಕ್ಕೆ ಬಿಟ್ಟವಳು, ಮೈಸೂರು

ಬೇಜಾರು ಯಾಕೆ. ನಿಜ ಹೇಳಬೇಕೆಂದರೆ ನಾನೂ ಸ್ಟೇಟಸ್ಸಿನಲ್ಲಿ 'ವಾರ್ಲಿ' ಅಂತಲೇ ಹಾಕಿದ್ದೆ. ಈಗ ತೆಗೆದೆ. ಶುರು ಮಾಡಲು ಗೋಡೆಗಿಂತ ಚಿಕ್ಕದು ಏನಾದರೂ ಇದೆಯಾ?

ಕೆಮ್ಮಣ್ಣು, ಸಾಗರ

ಇದೆಯಲ್ಲ, ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಹೊತ್ತುಕೊಂಡು ಹೋಗುವ ಬುಟ್ಟಿ. ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ ಮೇಲೆ ಬಿಳಿಯಲ್ಲಿ ಬರೆಯುತ್ತಾರೆ. ನಾನು ಎಂಟನೇ ವಯಸ್ಸಿಗೆ ಮೊದಲು ಬರೆದದ್ದು ಬುಟ್ಟಿಯ ತಳಕ್ಕೆ. ತಳ ಯಾರಿಗೂ ಕಾಣಲ್ಲ ಅಂತ ಮಕ್ಕಳಿಗೆ ಅದನ್ನೇ ಕೊಡುತ್ತಿದ್ದರು.

ನಿವೃತ್ತ ಮೇಷ್ಟ್ರು, ಮಂಡ್ಯ

ಹೆಣ್ಣುಮಕ್ಕಳ ನಡುವೆ ನನ್ನದೊಂದು. ನಿವೃತ್ತಿಯ ನಂತರ ಮರಗೆಲಸ ಕಲಿಯೋಣ ಅಂತ ಆನ್‌ಲೈನಿನಲ್ಲಿ ಉಳಿಗಳ ಒಂದು ಸೆಟ್ ತರಿಸಿದೆ. 12 ಉಳಿ. ಇಲ್ಲಿಯವರೆಗೆ ಎರಡನ್ನು ಬಳಸಿದ್ದೇನೆ. ಮಾಡಿದ್ದು ಒಂದು ಚಮಚ, ಅದರಲ್ಲಿ ಸಾರು ನಿಲ್ಲುವುದಿಲ್ಲ.

ಆಮೇಲೆ ಬುದ್ಧಿ ಬಂದು ಚನ್ನಪಟ್ಟಣಕ್ಕೆ ಹೋದೆ. ಮಂಡ್ಯದಿಂದ ದೂರವೇನಲ್ಲ. ಗೊಂಬೆ ಕೊಳ್ಳಲು ಎಷ್ಟೋ ಸಲ ಹೋಗಿದ್ದೆ, ಮಾಡುವುದನ್ನು ನೋಡಿರಲಿಲ್ಲ. ಒಬ್ಬರ ಕಾರ್ಖಾನೆಯಲ್ಲಿ ಅರ್ಧ ದಿನ ಸುಮ್ಮನೆ ಕೂತೆ. ಹಾಲೆ ಮರದ ತುಂಡು ಯಂತ್ರದಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಉಳಿ ಇಟ್ಟರೆ ಸಾಕು, ತೆಂಗಿನ ತುರಿಯ ಹಾಗೆ ಸಿಪ್ಪೆ ಹಾರುತ್ತದೆ. ನನ್ನ ಆಸೆ ನೋಡಿ ಕೈಗೆ ಒಂದು ಅರಗಿನ ಕಡ್ಡಿ ಕೊಟ್ಟರು, ಕೆಂಪು ಬಣ್ಣದ್ದು. ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಆ ತಿಕ್ಕಾಟದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ನಾನು ಮೇಷ್ಟ್ರ ಗತ್ತಿನಲ್ಲಿ ಜೋರಾಗಿ ಒತ್ತಿದೆ. ಒಂದು ಕಡೆ ಗಡ್ಡೆ ಕಟ್ಟಿತು, ಇನ್ನೊಂದು ಕಡೆ ಬರೀ ಮರ. ಅವರು ನಗಲಿಲ್ಲ. ಒಣಗಿದ ಗರಿಯ ತುಂಡೊಂದನ್ನು ಹಿಡಿದು ಮೇಲೆ ಸವರಿದರು. ಅಷ್ಟೇ. ಗಡ್ಡೆ ಹರಡಿ ಕನ್ನಡಿಯ ಹಾಗೆ ಹೊಳೆಯಿತು.

ನನಗೆ ತಿಳಿದದ್ದು ಇಷ್ಟು. ಸಾಮಾನು ಕೊಳ್ಳುವ ಮೊದಲು ಕೆಲಸ ಬಲ್ಲವರ ಪಕ್ಕ ಒಂದು ಹೊತ್ತು ಕೂರಬೇಕು. ವಿಡಿಯೋದಲ್ಲಿ ಕೈ ಕಾಣುತ್ತದೆ, ಒತ್ತಡ ಕಾಣುವುದಿಲ್ಲ. ಉಳಿ ಬೇಕಾದವರು ಹೇಳಿ, 10 ಹೊಸದಾಗಿಯೇ ಇವೆ.

ಐರ್ಲೆಂಡಿನ ಮಳೆ

ಮೇಷ್ಟ್ರೇ, ಸಾರು ನಿಲ್ಲದ ಚಮಚದ ಫೋಟೋ ಬೇಕೇ ಬೇಕು.

ಹೊಸಬ_99

ನಾನೂ ಶುರು ಮಾಡಬೇಕು ಅಂತಿದ್ದೀನಿ. ಬೀದರಿನ ಬಿದ್ರಿ ಕೆಲಸ ಮನೆಯಲ್ಲಿ ಮಾಡಬಹುದಾ? ಕಿಟ್ ಸಿಗುತ್ತಾ?

ನಿವೃತ್ತ ಮೇಷ್ಟ್ರು, ಮಂಡ್ಯ

ಬೇಡಪ್ಪ. ಸತು, ತಾಮ್ರ ಕರಗಿಸಿ ಎರಕ ಹೊಯ್ಯಬೇಕು. ಕೆತ್ತಿ, ಬೆಳ್ಳಿ ತಂತಿ ಬಡಿದು ಕೂರಿಸಬೇಕು. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಅನ್ನುವ ಉಪ್ಪು ಬೆರೆಸಿ ಹಚ್ಚಿದಾಗಲೇ ಲೋಹ ಕಪ್ಪಾಗುವುದು, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದು. ಅದು ಅಡುಗೆಮನೆಯ ಕೆಲಸವಲ್ಲ. ಬೀದರಿಗೆ ಹೋಗಿ ನೋಡಿ ಬನ್ನಿ.

ಕುಚ್ಚು ಅಕ್ಕ, ತುಮಕೂರು

ರೆಸಿನ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮಗಳು ಮಾಡ್ತಾಳೆ. ಗ್ಲೌಸ್, ಮಾಸ್ಕ್ ಇಲ್ಲದೆ, ಕಿಟಕಿ ತೆಗೆಯದೆ ಮುಟ್ಟಬೇಡಿ. ಮಿಕ್ಕಿದ್ದನ್ನು ಸಿಂಕಿಗೆ ಸುರಿಯಬೇಡಿ. ನಮ್ಮ ಮನೆ ಪೈಪು ಹಾಗೇ ಹೋಯಿತು. ಅಷ್ಟೇ ಹೇಳೋದು.

ಮತ್ತೆ "ಇದರಿಂದ ದುಡ್ಡು ಬರುತ್ತಾ" ಅಂತ ಇಬ್ಬರು ಮೆಸೇಜಿನಲ್ಲಿ ಕೇಳಿದ್ದಾರೆ. ಬರುತ್ತೆ, ನಿಧಾನ. ನನಗೆ ಮೊದಲ ವರ್ಷ ಬಂದದ್ದು ದಾರದ ಖರ್ಚಿಗೇ ಸರಿಹೋಯಿತು. ಮದುವೆ ಸೀಸನ್‌ನಲ್ಲಿ ಒಂದು ಬೊಟಿಕ್‌ನವರು 14 ಸೀರೆ ಕೊಟ್ಟು, ರಾತ್ರಿ ಹಗಲು ಹಾಕಿಸಿಕೊಂಡು, ಅರ್ಧ ದುಡ್ಡು ಮಾತ್ರ ಕೊಟ್ಟರು. ಅವತ್ತಿನಿಂದ ಅಡ್ವಾನ್ಸ್ ಇಲ್ಲದೆ ಸೂಜಿ ಎತ್ತಲ್ಲ. ಕಲಿಯುವ ಮೊದಲ ಆರು ತಿಂಗಳು ಮಾತ್ರ ಯಾರಿಂದಲೂ ದುಡ್ಡು ತಗೋಬೇಡಿ. ದುಡ್ಡು ತಗೊಂಡರೆ ತಪ್ಪು ಮಾಡುವ ಹಾಗಿಲ್ಲ, ತಪ್ಪು ಮಾಡದೆ ಬರಲ್ಲ.

ಅರ್ಧಕ್ಕೆ ಬಿಟ್ಟವಳು, ಮೈಸೂರು (ಮೂರು ವಾರದ ನಂತರ)

ಮತ್ತೆ ಬಂದೆ. ವರದಿ ಒಪ್ಪಿಸಬೇಕಲ್ಲ.

ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿಗೆ ಹೋಗಿದ್ದೆ. ಲೇಸು, ಮಣಿ, ದಾರ ನೋಡಿ ತಲೆ ತಿರುಗಿತು. ಆದರೂ ದೇವರಾಣೆ, ಮ್ಯಾಟಿ ಬಟ್ಟೆ ಅರ್ಧ ಮೀಟರ್, ಎರಡು ಲಡಿ ದಾರ, ಮೊಂಡು ಸೂಜಿ ಬಿಟ್ಟು ಬೇರೇನೂ ತರಲಿಲ್ಲ. ಒಟ್ಟು ಖರ್ಚು 190. ಪಾರ್ಕಿಂಗಿಗೆ ಇನ್ನೂ ಜಾಸ್ತಿ ಆಯಿತು.

ರೆಸಿನ್ ಪಕ್ಕದ ಮನೆ ಹುಡುಗಿಗೆ ಕೊಟ್ಟೆ, ಮಾಸ್ಕ್ ಸಮೇತ. ಉಳಿದ ಮೂರು ಹಣತೆಯಲ್ಲಿ ಒಂದರಲ್ಲಿ ಸೇಫ್ಟಿ ಪಿನ್ ಇಟ್ಟಿದ್ದೇನೆ. ಆ ಪಿನ್‌ಗಳಿಂದ ಕ್ರೋಶಾ 14 ಸಾಲು ಆಗಿದೆ, ಇನ್ನೂ ಚೌಕವಾಗಿಯೇ ಇದೆ! ಅತ್ತೆಯ ಸೀರೆಯ ಕುಚ್ಚು ಬಿಚ್ಚಿದೆ. ಬಿಚ್ಚಲು ಅವರೇ ಪಕ್ಕ ಕೂತರು. ಮದುವೆಗೆ ಮೊದಲು ಅವರು ಕ್ರೋಶಾದಲ್ಲಿ ರೇಡಿಯೋ ಕವರ್ ಹೆಣೆದಿದ್ದರಂತೆ. ನನಗೆ ಮದುವೆಯಾಗಿ ಒಂಬತ್ತು ವರ್ಷ, ಇವತ್ತು ಗೊತ್ತಾಯಿತು.

ಕಸೂತಿ ಗೋಪುರ ಆಯಿತು. ಚಿಕ್ಕದು, ಅಂಗೈಯಷ್ಟು. ಎಲ್ಲ ಕವಲೂ ಹೋಗಿ ಬಂದೆ. ಹಿಂದೆ ಮುಂದೆ ಎರಡೂ ಫೋಟೋ ಹಾಕಿದ್ದೇನೆ. ಧಾರವಾಡದವರೇ, ತಿರುವಿ ನೋಡಿ.

ಧಾರವಾಡ ಪೇಢೆ

ನೋಡಿದೆ. ಮೊದಲನೇ ಸಲಕ್ಕೆ ಇಷ್ಟು ಚೊಕ್ಕ ಹಿಂಬದಿ ನನ್ನದೂ ಇರಲಿಲ್ಲ. ಕಳಸದ ಕೆಳಗೆ ಎಡಕ್ಕೆ ಒಂದು ಹೊಲಿಗೆ ಎರಡು ಚೌಕ ದಾಟಿದೆ. ಬಿಚ್ಚುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟಿದ್ದು.

ಅರ್ಧಕ್ಕೆ ಬಿಟ್ಟವಳು, ಮೈಸೂರು

ಅಯ್ಯೋ, ಹೌದು! ಬಿಚ್ಚಲ್ಲ. ಅತ್ತೆ ಆಗಲೇ ಅದನ್ನು ದೇವರ ಮನೆಯಲ್ಲಿ ಗಂಟೆಯ ಕೆಳಗೆ ಹಾಸಿಬಿಟ್ಟಿದ್ದಾರೆ.

ಅಂದಹಾಗೆ, ಹಳೇ ಕಾಲದ ಪ್ಲಾಸ್ಟಿಕ್ ವೈರ್ ಬುಟ್ಟಿ ಹಾಕಲು ಇಲ್ಲಿ ಯಾರಿಗಾದರೂ ಬರುತ್ತಾ? ಸುಮ್ನೆ ಕೇಳಿದೆ.